ಮಂಗಳವಾರದ ನಾಡಿ

ತಾಯಣ್ಣ ಎಪ್ಪತ್ತೆಂಟು ಎಂದು ಬರೆದ. ತಾರೀಖು ಹಾಕಿ, ಮುಂದೆ ಗುರುವಾರ ಎಂದು ಸೇರಿಸಿ, ಅವ್ವನ ಕೈಯನ್ನು ಅವಳ ಮಡಿಲಿಗೇ ಬಿಟ್ಟ. ಯಮನಮ್ಮ ಕೈ ಎಳೆದುಕೊಳ್ಳಲೂ ಇಲ್ಲ, ಎಷ್ಟಾಯಿತೆಂದು ಕೇಳಲೂ ಇಲ್ಲ. ಎಂಟು ತಿಂಗಳಿಂದ ದಿನಾ ಚಹಾಕ್ಕಿಂತ ಮುಂಚೆ ಈ ಕೆಲಸ ನಡೆಯುತ್ತಿತ್ತು. ಅವಳು ಕೈ ಚಾಚುವುದು, ಅವನು ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತ ಒಂದು ನಿಮಿಷ ಎಣಿಸುವುದು, ನೂರು ಪುಟದ ನೋಟುಬುಕ್ಕಿನಲ್ಲಿ ಬರೆಯುವುದು. ಹೈದರಾಬಾದಿನ ದವಾಖಾನೆಯಲ್ಲಿ ಅವಳ ಎಡ ಕೊರಳೆಲುಬಿನ ಕೆಳಗೆ ಚರ್ಮ ಕೊಯ್ದು, ಹೃದಯ ಬಡಿಸುವ ಮಿಷನ್ ಇಟ್ಟು ಕಳಿಸುವಾಗ ಹಾಗೆ ಮಾಡಬೇಕೆಂದು ಹೇಳಿದ್ದರು. ಅರವತ್ತಕ್ಕಿಂತ ಕೆಳಗೆ ಬಂದರೆ ತಕ್ಷಣ ಬರಬೇಕು. ಒಂದು ದಿನವೂ ಅಷ್ಟು ಕೆಳಗೆ ಬಂದಿರಲಿಲ್ಲ. ಮೊನ್ನೆ ಮಂಗಳವಾರ ಮಧ್ಯಾಹ್ನವಂತೂ ತೊಂಬತ್ನಾಲ್ಕು. ಆ ಅಂಕಿಯ ಕೆಳಗೆ ಅವನು ಎರಡು ಗೆರೆ ಎಳೆದಿದ್ದ, ಪೆನ್ನಿನ ಒತ್ತು ಹಿಂದಿನ ಹಾಳೆಗೂ ಮೂಡಿತ್ತು. ಆ ಮಂಗಳವಾರದಿಂದ ಅವಳು ಅವನೊಡನೆ ಮಾತು ಬಿಟ್ಟಿದ್ದಳು. ಸೊಸೆ ಪಾರ್ವತೆಮ್ಮನನ್ನು ನೀರು ಕೇಳುತ್ತಿದ್ದಳು, ಬೆಕ್ಕಿಗೆ ಬೈಯುತ್ತಿದ್ದಳು, ಮಗ ಒಳಗೆ ಬಂದರೆ ಮಾತ್ರ ಬಾಯಿಗೆ ಬೀಗ. ಆದರೂ ಬೆಳಗಾದರೆ ಕೈ ಚಾಚುತ್ತಿದ್ದಳು. ಸಿಟ್ಟಾದವರು ಕೈ ಯಾಕೆ ಕೊಡಬೇಕು? ಅದರಲ್ಲೂ ಏನೋ ಇದೆ ಎಂದು ಅವನಿಗೆ ಅನಿಸಿತು.

ಎಲ್ಲದರಲ್ಲೂ ಏನೋ ಇದೆ ಎಂದು ಅನಿಸುವುದು ಅವನ ಹೊಟ್ಟೆಪಾಡು. ದೇವದುರ್ಗದ ತಹಶೀಲ್ದಾರ್ ಕಚೇರಿಯಲ್ಲಿ ಅವನದು ಪಿಂಚಣಿಯ ಟೇಬಲ್ಲು. ಮುದುಕರು, ವಿಧವೆಯರು, ಅಂಗವಿಕಲರು ಅವನ ಮುಂದೆ ಕೂರುತ್ತಾರೆ, ಅವನು ಮೊದಲು ಅರ್ಜಿ ನೋಡುವುದಿಲ್ಲ, ಅವರನ್ನು ನೋಡುತ್ತಾನೆ. ಅರವತ್ತೈದು ಎಂದು ಬರೆಸಿದವನ ಕುತ್ತಿಗೆ ಎಷ್ಟು ಬಿಗಿಯಾಗಿದೆ, ಗಂಡ ಸತ್ತು ನಾಲ್ಕು ವರ್ಷವಾಯಿತೆಂದವಳ ಕಾಲ್ಬೆರಳಲ್ಲಿ ಉಂಗುರದ ಗುರುತು ಎಷ್ಟು ಹಸಿಯಾಗಿದೆ. ಆಮೇಲೆ ಅವರ ಹೆಬ್ಬೆರಳನ್ನು ತನ್ನ ಹೆಬ್ಬೆರಳಿನಿಂದ ಒತ್ತಿ ಹಿಡಿದು ಮಸಿಯಲ್ಲಿ ಅದ್ದಿ ಕಾಗದದ ಮೇಲೆ ಉರುಳಿಸುತ್ತಾನೆ. ದಿನಕ್ಕೆ ಮೂವತ್ತು, ನಲವತ್ತು. ಅವನ ಬಲ ಹೆಬ್ಬೆರಳಿನ ನೇರಳೆ ಬಣ್ಣ ಭಾನುವಾರವೂ ಹೋಗುವುದಿಲ್ಲ. ಕೇರಿಯಲ್ಲಿ ಮೊದಲು ಸಹಿ ಕಲಿತವನು ಅವನು. ಹಾಗಿದ್ದೂ ಬಟ್ಟೆ ಒಗೆಯುವಾಗ ಪಾರ್ವತೆಮ್ಮ, "ನಮ್ಮನಿಯಾಗ ನೀವ ಒಬ್ಬರು ಹೆಬ್ಬೆಟ್ಟಿನೋರು" ಎಂದು ಚುಡಾಯಿಸುತ್ತಾಳೆ. ಅವನಿಗೆ ನಗು ಬರುವುದಿಲ್ಲ.

ರಾಯಚೂರಿನ ಡಾಕ್ಟರು ಬರಹೇಳಿದ್ದು ಮುಂದಿನ ತಿಂಗಳು. ಅವನು ಇವತ್ತೇ ರಜೆ ಹಾಕಿದ್ದ. ಬೇರೆ ಏನೂ ಬೇಕಿರಲಿಲ್ಲ ಅವನಿಗೆ. ಡಾಕ್ಟರು ಅವ್ವನ ಮುಂದೆ ಒಂದು ಮಾತು ಹೇಳಬೇಕು, ಮಿಷನ್ ಚೆನ್ನಾಗಿ ನಡೆದಿದೆ, ನೀನು ಬೀಳಲು ಕಾರಣವೇ ಇಲ್ಲ ಎಂದು. ಆಮೇಲೆ ಅವಳು ಎಲ್ಲಿ ನೋಡುತ್ತಾಳೆ ಎಂಬುದನ್ನು ಅವನು ನೋಡಬೇಕು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವಳನ್ನು ಕೂರಿಸಿ ನೋಟುಬುಕ್ಕನ್ನು ತೊಡೆಯ ಮೇಲೆ ಇಟ್ಟುಕೊಂಡ. ಅವಳು ಸೆರಗಿನೊಳಗೆ ಬಲಗೈ ಹಾಕಿ, ಎದೆಯ ಮೇಲಿನ ಗಂಟಿನ ಹತ್ತಿರ ಬೆರಳಾಡಿಸುತ್ತಿದ್ದಳು. ಮೂರು ತಿಂಗಳಿಂದ ಅದೊಂದು ಚಟವಾಗಿತ್ತು. ತುರಿಕೆಯಿರಬೇಕು ಎಂದು ಪಾರ್ವತೆಮ್ಮ ಕೊಬ್ಬರಿ ಎಣ್ಣೆ ಹಚ್ಚಿದ್ದಳು. ಬಸ್ಸು ಅವರ ಸ್ವಂತ ಊರು ಮಸರಕಲ್ಲಿನಲ್ಲಿ ನಿಂತಾಗ ಕೆಳಗಿನಿಂದ ಯಾರೋ ಹೆಂಗಸು ಕಿಟಕಿಯತ್ತ ಎರಡೂ ಕೈ ಎತ್ತಿ ಮುಗಿದಳು. ಯಮನಮ್ಮ ಮುಖ ತಿರುಗಿಸಿಕೊಂಡಳು. ಹದಿನೈದು ವರ್ಷ ಆ ಊರು ಅವಳಿಗೆ ಕೈ ಮುಗಿದಿತ್ತು. ಗದ್ದೆಯಲ್ಲಿ ಕಳೆ ಕೀಳುತ್ತಿದ್ದವಳು ಮೊದಲ ಸಲ ಬಿದ್ದದ್ದು ಒಂದು ಮಂಗಳವಾರ. ಮುಖ ಬಿಳಚಿ, ಉಸಿರು ಸಹ ಇಲ್ಲದವಳಂತೆ ಬಿದ್ದು, ಎಲ್ಲರೂ ಅಳಲು ಸುರು ಮಾಡುವ ಹೊತ್ತಿಗೆ ಇದ್ದಕ್ಕಿದ್ದಂತೆ ಮುಖವೆಲ್ಲ ಕೆಂಪೇರಿ ಕಣ್ಣು ಬಿಟ್ಟಳು. ಆ ಕೆಂಪು ಊರದೇವತೆ ಸುಂಕ್ಲಮ್ಮನ ಕಳೆ ಎಂದರು. ಎದ್ದಾಗ ಅವಳು ಆಡಿದ ಮೊದಲ ಮಾತು ಯಾರಿಗೋ ಉತ್ತರವಾಯಿತು. ಅವಳು ನೀರು ಎಂದರೆ ಒಬ್ಬರು ಬಾವಿ ತೋಡಿಸಿದರು, ಬಂದೆ ಎಂದರೆ ಇನ್ನೊಬ್ಬರ ಮಗ ಬೊಂಬಾಯಿಯಿಂದ ಬಂದ. ಮೇಲಿನ ಓಣಿಯವರು ಸಹ ಕೇರಿಯ ಬೇವಿನ ಮರದವರೆಗೆ ಬಂದು ನಿಂತು ಕೇಳಿಹೋದರು, ಮರ ದಾಟಿ ಒಳಗೆ ಬರಲಿಲ್ಲ ಅಷ್ಟೆ. ಮಗ ಮೆಟ್ರಿಕ್ ಮಾಡಿ, ನೌಕರಿ ಹಿಡಿದು, ದೀಕ್ಷೆ ತೆಗೆದುಕೊಂಡು ಪಡಸಾಲೆಯಲ್ಲಿ ಬುದ್ಧನ ಪಟ ಹಾಕಿದ. ಮೈಮೇಲೆ ದೇವರು ಬರುವುದೆಲ್ಲ ನಮ್ಮನ್ನು ಮಣ್ಣಲ್ಲೇ ಇಡುವ ಆಟ ಎಂದು ಸಂಘದ ಸಭೆಯಲ್ಲಿ ಭಾಷಣ ಮಾಡಿದ. ಹಿಂದಿನ ಸಾಲಿನಿಂದ ಒಬ್ಬ, "ಮೊದಲ ನಿಮ್ಮವ್ವನ್ನ ಕೇಳಿ ಬಾರಪಾ" ಎಂದ. ಇಡೀ ಸಭೆ ನಕ್ಕಿತು, ಅವನ ಪಕ್ಕದಲ್ಲಿ ಕೂತ ಅಧ್ಯಕ್ಷರೂ ಬಾಯಿಗೆ ಕರವಸ್ತ್ರ ಇಟ್ಟುಕೊಂಡರು.

ಆ ನಗುವಿಗಿಂತ ಮಾನವಿಯದು ಹೆಚ್ಚು ಚುಚ್ಚುತ್ತದೆ. ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಅವನು ಮಾನವಿ ಕಚೇರಿಯಲ್ಲಿದ್ದ. ಅವ್ವ ಯಾಕೋ ಬುತ್ತಿ ಕಟ್ಟಿಕೊಂಡು ನೋಡಲು ಬಂದಳು, ಅವನ ಟೇಬಲ್ಲಿನವರೆಗೆ ನಡೆದು ಬಂದು, ಬಾಯಿ ತೆರೆದು, ಹಾಗೆಯೇ ಬಿದ್ದಳು. ರೊಟ್ಟಿಯ ಗಂಟು ಕಡತಗಳ ಕೆಳಗೆ ಉರುಳಿತು. ಹೆಡ್ ಕ್ಲರ್ಕ್ ಶರಣಯ್ಯನವರು ಕನ್ನಡಕ ಹಣೆಗೇರಿಸಿ, "ಏನ್ ತಾಯಣ್ಣ, ನಿಮ್ಮ ದೇವರು ಆಫೀಸಿನ ಟೈಮಿನಾಗೂ ಬರ್ತಾಳೇನು?" ಎಂದರು. ಅವನು ಏಳಲಿಲ್ಲ. ಕೈಯಲ್ಲಿದ್ದ ರಿಜಿಸ್ಟರಿನ ಸಾಲು ಮುಗಿಸುತ್ತೇನೆ ಎಂಬಂತೆ ಕೂತ. ಎಷ್ಟು ಹೊತ್ತು ಬಿದ್ದಿರುತ್ತಾಳೋ ನೋಡೋಣ, ಯಾರೂ ಎಬ್ಬಿಸದಿದ್ದರೆ ತಾನೇ ಏಳುತ್ತಾಳೆ ಎಂದುಕೊಂಡ. ಕಸ ಗುಡಿಸುವ ದಾವಲ್ ಬೀ ತಂಬಿಗೆ ನೀರು ಹಿಡಿದು ಓಡಿ ಬಂದಳು. "ಯಪ್ಪಾ, ನಿಮ್ಮವ್ವ. ಏಳೊ." ಅವನು ಹೇಳಿದ: "ಬಿಡು, ಏಳ್ತಾಳ. ಆಕಿಗೆ ರೂಢಿ ಅದ." ಅವ್ವನ ಕೆಳತುಟಿಯ ಮೇಲೆ ಒಂದು ನೊಣ ಕೂತಿತ್ತು. ಅದು ತುಟಿಯ ಉದ್ದಕ್ಕೂ ನಡೆಯಿತು, ಮೂಗಿನ ಹೊಳ್ಳೆಯವರೆಗೆ ಹೋಯಿತು, ಮತ್ತೆ ಇಳಿದು ಬಂದು ಹಲ್ಲಿನ ಮೇಲೆ ನಿಂತಿತು. ಅವಳು ತುಟಿ ಅಲುಗಿಸಲಿಲ್ಲ. ನಾಟಕ ಮಾಡುವವರು ಎಷ್ಟೇ ಗಟ್ಟಿಗರಾಗಿರಲಿ, ಹಲ್ಲಿನ ಮೇಲೆ ನೊಣ ಕೂತರೆ ಸುಮ್ಮನಿರಲಾರರು. ಇದು ಅವನಿಗೆ ಆಗಲೇ ಹೊಳೆದಿತ್ತು. ಹೊಳೆದೂ ಅವನು ಏಳಲಿಲ್ಲ. ಈ ಮಾತನ್ನು ಅವನು ಹೆಂಡತಿಗೂ ಹೇಳಿಲ್ಲ.

ಕಂಡಕ್ಟರ್ ಬಂದು ಮತ್ತೊಮ್ಮೆ ಟಿಕೆಟ್ ಕೇಳಿದಾಗ ತಾಯಣ್ಣ ನೋಟುಬುಕ್ಕನ್ನು ಚಾಚಿದ, ತಪ್ಪಿಗೆ ತಾನೇ ನಾಲಿಗೆ ಕಚ್ಚಿ ಜೇಬು ತಡಕಾಡಿದ. ಹೋದ ವರ್ಷ ಅವ್ವ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದು ಹಣೆ ಒಡೆದುಕೊಂಡಳು. ಹೊಲಿಗೆ ಹಾಕಿದ ಸರಕಾರಿ ಡಾಕ್ಟರು ನಾಡಿ ಹಿಡಿದು, ಇನ್ನೊಂದು ಕೈ ಹಿಡಿದು, ಚೀಟಿ ಬರೆದು ರಾಯಚೂರಿಗೆ ಹೃದಯದ ಡಾಕ್ಟರು ಬುರ್ಹಾನುದ್ದೀನರ ಹತ್ತಿರ ಕಳಿಸಿದರು. ಬುರ್ಹಾನುದ್ದೀನರು ಅವಳ ಕೈಕಾಲಿಗೆ ತಂತಿ ಕಟ್ಟಿ, ಮಿಷನ್ನಿನಿಂದ ಹೊರಬಂದ ಉದ್ದ ಕಾಗದವನ್ನು ಅವನ ಮುಂದೆ ಹಾಸಿದರು. "ತಲಿ ತಿರುಗಿ ಬೀಳೋರು ದಿನಾ ಹತ್ತು ಮಂದಿ ಬರ್ತಾರ ನನ್ನ ಕಡಿ. ರಕ್ತ ಕಮ್ಮಿ ಇದ್ದೋರು, ಉಪವಾಸ ಇದ್ದೋರು, ಹೆದರಿದೋರು. ಅವರಿಗೆಲ್ಲ ನಾ ಮಿಷನ್ ಹಾಕಸ್ರಿ ಅನ್ನಂಗಿಲ್ಲ. ನಿಮ್ಮವ್ವಂದು ಬ್ಯಾರೆ. ಹಾರ್ಟಿನಾಗ ಮ್ಯಾಲಿನ ಖೋಲಿಯಿಂದ ಕೆಳಗಿನ ಖೋಲಿಗೆ ಸುದ್ದಿ ಮುಟ್ಟಾಂಗಿಲ್ಲ. ಕೆಳಗಿಂದು ತನಗ ತಿಳದಾಂಗ ನಿಮಿಷಕ್ಕ ಮೂವತ್ತು ಸಲ ಬಡಿತದ, ಒಮ್ಮೊಮ್ಮೆ ಮರೀತದ. ಮರೆತಾಗ ಬೀಳ್ತಾಳ, ನೆನಪಾದರ ಏಳ್ತಾಳ. ಒಂದಿನ ನೆನಪಾಗಂಗಿಲ್ಲ." ತಾಯಣ್ಣ ಕಾಗದದ ಮೇಲಿನ ಗೆರೆಗಳನ್ನು ನೋಡುತ್ತ, ಈ ಡಾಕ್ಟರಿಗೆ ಹೈದರಾಬಾದಿನವರು ಏನಾದರೂ ಕೊಡುತ್ತಾರೋ ಎಂದು ಲೆಕ್ಕ ಹಾಕುತ್ತಿದ್ದ. ಕೇಳಿದ್ದು ಮಾತ್ರ ಬೇರೆ. "ಅಂದ್ರ ಆಕಿ ನಾಟಕ ಮಾಡಿಲ್ಲೇನ್ರಿ?" ಡಾಕ್ಟರು ಕಾಗದವನ್ನು ಸುರುಳಿ ಸುತ್ತಿದರು. "ನಾಟಕ ಮಾಡೋರ ನಾಡಿ ನಿಲ್ಲಂಗಿಲ್ಲ" ಎಂದರು.

ಅವ್ವ ಮಾತ್ರ ಒಲ್ಲೆ ಎಂದಳು. "ಅದು ಒಳಗ ಕುಂತ್ರ ಸುಂಕ್ಲಮ್ಮ ಎಲ್ಲಿ ಕೂಡಬೇಕು?" ಎಂದು ಒಂದೇ ಮಾತು. ಅವನು ವಾದ ಮಾಡಲಿಲ್ಲ. ಹೈದರಾಬಾದಿನಲ್ಲಿ, ಎದೆಯ ಫೋಟೊ ತೆಗೆಯುವುದಕ್ಕೆ ಎಂದು ಹೇಳಿ, ಒಪ್ಪಿಗೆಯ ಕಾಗದದ ಮೇಲೆ ಅವಳ ಹೆಬ್ಬೆರಳನ್ನು ತಾನೇ ಹಿಡಿದು ಉರುಳಿಸಿದ. ಎಷ್ಟು ಚೆನ್ನಾಗಿ ಮೂಡಿತ್ತೆಂದರೆ ಅಲ್ಲಿಯ ಗುಮಾಸ್ತ ಮೆಚ್ಚಿ ತಲೆಯಾಡಿಸಿದ. ಬಿಡುಗಡೆಯ ದಿನ ನರ್ಸು, ನಾಡಿ ಎಣಿಸುವುದು ಹೇಗೆಂದು ಉರ್ದು ತೆಲುಗು ಬೆರೆಸಿ, ದಡ್ಡರಿಗೆ ಹೇಳುವಂತೆ ನಿಧಾನವಾಗಿ, ಬೆರಳು ಎತ್ತಿ ಎತ್ತಿ ತೋರಿಸಲು ಸುರು ಮಾಡಿದಳು. ಇವನ ನೇರಳೆ ಹೆಬ್ಬೆರಳನ್ನು ನೋಡಿಯೇ ಅವಳು ಹಾಗೆ ಮಾಡುತ್ತಿದ್ದಾಳೆ ಎಂದು ಇವನಿಗೆ ಅನಿಸಿತು. "ಮಾಲೂಮ್ ಹೈ, ಗೊತ್ತದ" ಎಂದು ಅರ್ಧಕ್ಕೇ ತಡೆದು, ಕಾಗದ ಕಸಿದುಕೊಂಡು, ಇಂಗ್ಲಿಷಿನಲ್ಲಿ ಸಹಿ ಹಾಕಿದ.

ಆಮೇಲೆ ಎಂಟು ತಿಂಗಳು ಅವ್ವ ಬೀಳಲಿಲ್ಲ. ಮಂಗಳವಾರ ಮಂಗಳವಾರ ಮಿಂದು, ಅರಿಷಿಣ ಹಚ್ಚಿಕೊಂಡು, ದೇವದುರ್ಗದ ಬಾಡಿಗೆ ಮನೆಯ ಕಟ್ಟೆಯ ಮೇಲೆ ಕೂರುತ್ತಿದ್ದಳು. ಹಳೆಯ ನಂಬಿಕೆಯ ನಾಲ್ಕು ಹೆಂಗಸರು ಬಸ್ಸು ಹತ್ತಿ ಬರುತ್ತಿದ್ದರು, ಹೊತ್ತು ಇಳಿಯುವವರೆಗೆ ಕಾಯುತ್ತಿದ್ದರು, ಆಮೇಲೆ ಮೂವರಾದರು, ಇಬ್ಬರಾದರು. ಸುಂಕ್ಲಮ್ಮ ಬರಲಿಲ್ಲ. ತನ್ನ ಮಾತು ಗೆದ್ದಿತು ಎಂದು ಅವನಿಗೆ ಖುಷಿಯಾಗಬೇಕಿತ್ತು, ಖುಷಿಯಾಗಲಿಲ್ಲ. ಅವ್ವ ಕಟ್ಟೆಯಿಂದ ಇಳಿಯುವಾಗ ಮೊಣಕಾಲು ಹಿಡಿದು ಇಳಿಯುತ್ತಿದ್ದಳು, ಅದಕ್ಕೆ ಮುಂಚೆ ಅವಳು ಹಾಗೆ ಇಳಿದದ್ದನ್ನು ಅವನು ನೋಡಿರಲಿಲ್ಲ. ಮೊನ್ನೆ ಊಟಕ್ಕೆಂದು ಮನೆಗೆ ಬಂದರೆ, ಜಾಲಹಳ್ಳಿ ಕಡೆಯ ಬಂಡೆಮ್ಮ, ಕುರಿಯ ಹಿಂದೆ ಅಲೆದು ಅಂಗಾಲು ಒಡೆದ ಹೆಂಗಸು, ಕಟ್ಟೆಯ ಮುಂದೆ ತೆಂಗಿನಕಾಯಿ ಇಟ್ಟು, ಸೊಸೆಗೆ ಮೂರನೇ ಸಲವೂ ಬಸಿರು ನಿಲ್ಲಲಿಲ್ಲ ಎಂದು ಕೇಳುತ್ತಿದ್ದಳು. ಕೇಳಿ ಬಾಯಿ ಮುಚ್ಚುವುದರೊಳಗೆ ಅವ್ವ ಕಟ್ಟೆಯಿಂದ ಪಕ್ಕಕ್ಕೆ ವಾಲಿ ಬಿದ್ದಳು. ಎಂಟು ತಿಂಗಳು ಇಲ್ಲದ್ದು, ಕೇಳಿದ ಕೂಡಲೆ. ಸರಿಯಾಗಿ ಪ್ರಶ್ನೆ ಮುಗಿದ ಮೇಲೆ. ತಾಯಣ್ಣ ಚಪ್ಪಲಿ ಬಿಡದೆ ಓಡಿ ಮಣಿಕಟ್ಟು ಹಿಡಿದ. ನಾಡಿ ಓಡುತ್ತಿತ್ತು, ಹಿಡಿದ ಬೆರಳಿಗೆ ಬಡಬಡ ಬಡಿಯುತ್ತಿತ್ತು. ನಿಮಿಷ ಪೂರ್ತಿ ಎಣಿಸಿದ. ತೊಂಬತ್ನಾಲ್ಕು. ನಾಟಕ ಮಾಡುವವರ ನಾಡಿ ನಿಲ್ಲುವುದಿಲ್ಲ. ಅವ್ವ ಕಣ್ಣು ಬಿಡುವ ಹೊತ್ತಿಗೆ ಅವನ ಬಾಯಿಂದ ಮಾತು ಹೊರಬಿದ್ದಿತ್ತು. "ಸಾಕು ಮಾಡಬೇ. ಮಿಷನ್ ಚೊಲೊ ನಡದದ. ಯಾರಿಗೆ ತೋರಸ್ತಿ ಈ ಆಟ?" ಮುದುಕಿ ಬಿದ್ದಲ್ಲಿಂದಲೇ ಅವನ ಮುಖ ನೋಡಿದಳು, ಆಮೇಲೆ ಸುತ್ತಲಿನ ಮುಖಗಳನ್ನು ನೋಡಿದಳು. ಬಂಡೆಮ್ಮ ಬಗ್ಗಿ ತೆಂಗಿನಕಾಯಿ ಎತ್ತಿಕೊಂಡು, ಸೆರಗಿನಲ್ಲಿ ಕಟ್ಟಿಕೊಂಡು ಹೋದಳು.

ರಾಯಚೂರಿನಲ್ಲಿ ಬಿಸಿಲು ಆಗಲೇ ಏರಿತ್ತು. ದವಾಖಾನೆಯ ಮೆಟ್ಟಿಲು ನಾಲ್ಕೇ ನಾಲ್ಕು, ಅವ್ವ ಎರಡು ಹತ್ತಿ ನಿಂತಳು. ಇದೂ ತೋರಿಕೆಯಿರಬಹುದು ಎಂದುಕೊಂಡ. ಒಳಗೆ ಬುರ್ಹಾನುದ್ದೀನರು ನೋಟುಬುಕ್ಕು ತಿರುವಿದರು, ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ. ಅಕ್ಷರ ಮೆಚ್ಚುತ್ತಿರಬೇಕು ಎಂದು ತಾಯಣ್ಣನಿಗೆ ಅನಿಸಿತು.

"ಎಪ್ಪತ್ತೆರಡಕ್ಕ ಇಟ್ಟು ಕಳಿಸ್ಯಾರ ಮಿಷನ್ನ. ಈಕಿದು ಸ್ವಂತದ್ದು ಓಡಂಗಿಲ್ಲ, ಅದಕ್ಕ ದಿನಾ ಎಪ್ಪತ್ತೆರಡ ಬರಬೇಕು. ಒಂದು ಹೆಚ್ಚು ಒಂದು ಕಮ್ಮಿ. ಈ ಎಂಬತ್ತಾರು, ಎಪ್ಪತ್ನಾಕು, ತೊಂಬತ್ನಾಕು ಎಲ್ಲಿಂದ ಬಂದ್ವು?"

"ಎಣಿಸಿದ್ದು, ಸರ್."

"ಈಗೊಮ್ಮೆ ಎಣಸ್ರಿ ನೋಡೋಣ."

ಅವನು ಅವ್ವನ ಬಲಗೈ ಹಿಡಿದ. ಡಾಕ್ಟರು ಎಡಗೈ ಹಿಡಿದರು. ಗೋಡೆಯ ಗಡಿಯಾರದ ಮುಳ್ಳು ಒಂದು ಸುತ್ತು ಬರುವವರೆಗೆ ಮೂವರೂ ಮಾತಿಲ್ಲದೆ ಕೂತರು, ಬಾಗಿಲಲ್ಲಿ ಕಂಪೌಂಡರ್ ಸಿರಿಂಜು ಹಿಡಿದು ನಿಂತಿದ್ದ. "ಎಷ್ಟು?" ಎಂದರು ಡಾಕ್ಟರು. ಎಂಬತ್ತೆಂಟು, ಎಂದ ತಾಯಣ್ಣ. "ನನಗ ನಲವತ್ತೊಂದು ಸಿಕ್ತು" ಎಂದು ಅವರು ಮೇಜಿನ ಮೇಲಿಂದ ಬಗ್ಗಿ ಅವನ ಕೈ ನೋಡಿದರು. ಅವ್ವನ ತೆಳು ಮಣಿಕಟ್ಟಿನ ಮೇಲೆ ಅವನ ನೇರಳೆ ಹೆಬ್ಬೆರಳು, ಪಿಂಚಣಿಯವರ ಬೆರಳನ್ನು ಒತ್ತುವ ಹಾಗೆಯೇ, ಗಟ್ಟಿಯಾಗಿ ಊರಿಕೊಂಡಿತ್ತು.

"ಹೆಬ್ಬೆರಳಿನಿಂದ ಎಣಿಸ್ತೀರೇನು?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಹೆಬ್ಬೆರಳಿನಾಗ ನಮ್ಮದ ನಾಡಿ ಬಡಿತದ್ರಿ. ಇಷ್ಟು ಒತ್ತಿ ಹಿಡಿದ್ರ ಆಕಿದು ಎಲ್ಲಿ ತಿಳೀತದ? ಇದು ನಿಮ್ಮವ್ವನ ಹಾರ್ಟಿಂದಲ್ಲ, ನಿಮ್ಮದು. ಎಂಟು ತಿಂಗಳು ನಿಮ್ಮದ ಬರಕೊಂಡು ಕುಂತೀರಿ."

ಕಂಪೌಂಡರ್ ಸಿರಿಂಜಿನತ್ತ ನೋಡಿ ನಗು ತಡೆದ. ತಾಯಣ್ಣ ಕೈ ಬಿಟ್ಟ, ಮಣಿಕಟ್ಟಿನ ಮೇಲೆ ಬೆಳ್ಳಗೆ ಬೆರಳಿನ ಗುರುತು ಉಳಿದಿತ್ತು, ಅದು ಕೆಂಪಾಗಲು ಬಹಳ ಹೊತ್ತು ತೆಗೆದುಕೊಂಡಿತು. ನೋಟುಬುಕ್ಕು ಮೇಜಿನ ಮೇಲೆ ತೆರೆದೇ ಇತ್ತು. ಮಂಗಳವಾರದ ಸಾಲುಗಳನ್ನು ಅವನು ಈಗ ಮೊದಲ ಸಲ ಓದಿದ. ಎಂಬತ್ತಾರು, ತೊಂಬತ್ತು, ಎಂಬತ್ತೆಂಟು. ಅವಳು ಅರಿಷಿಣ ಹಚ್ಚಿಕೊಂಡು ಕೂತ ಪ್ರತಿ ಬೆಳಿಗ್ಗೆ ಓಡಿದ್ದು ಅವನ ಎದೆ. ಮೊನ್ನೆ ಬಿದ್ದಾಗ ಇವಳ ನಾಡಿ ಎಷ್ಟಿತ್ತು? ಇತ್ತೇ? ನಾಚಿಕೆಯಿಂದ ಅವನ ಕಿವಿ ಸುಡುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಗುತ್ತಿತ್ತು. ಅವಳು ಅವನ ಕೈಯಲ್ಲೇ, ಅವನು ಎಣಿಸುತ್ತಿರುವಾಗಲೇ, ಸತ್ತುಹೋಗಿದ್ದರೂ ಅವನು ತೊಂಬತ್ನಾಲ್ಕು ಎಂದು ಬರೆದು ಎರಡು ಗೆರೆ ಎಳೆಯುತ್ತಿದ್ದ.

ಎಕ್ಸ್‌ರೇ ತೆಗೆಸಿ ಬಂದರು. ಡಾಕ್ಟರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮಿಷನ್ನಿನಿಂದ ಹೃದಯಕ್ಕೆ ಇಳಿಯಬೇಕಾದ ತಂತಿ ಮೇಲಕ್ಕೆ ಸರಿದು, ಮಿಷನ್ನಿಗೇ ನೂಲಿನ ಹಾಗೆ ಸುತ್ತಿಕೊಂಡದ್ದನ್ನು ತೋರಿಸಿದರು. "ಇದನ್ನ ಒಳಗಿಂದೊಳಗ ತಿರುವ್ಯಾಡಿಯೇನವ್ವಾ?" ಎಂದು ಯಮನಮ್ಮನನ್ನು ಕೇಳಿದರು. ತಾಯಣ್ಣನ ಮನಸ್ಸು ಮತ್ತೆ ಚುರುಕಾಯಿತು. ಬಸ್ಸಿನಲ್ಲಿ ಸೆರಗಿನೊಳಗಿನ ಕೈ. ಮೂರು ತಿಂಗಳ ಚಟ. ಕಿತ್ತು ಹಾಕಲು ನೋಡಿದ್ದಳು, ನನ್ನ ಅನುಮಾನ ಸುಳ್ಳಲ್ಲ, ಎಂದು ಒಳಗೊಳಗೇ ಏನೋ ಎದ್ದು ನಿಂತಿತು. ಅವಳು ಡಾಕ್ಟರಿಗೆ ಹೇಳಿದಳು: "ತಿರುವ್ಯಾಡಿದ್ದು ಖರೆ ಯಪ್ಪಾ. ತಗದು ಒಗೀಬೇಕಂತ ಅಲ್ಲ. ಒಂದೀಟು ಸರಿಸಿದ್ರ ಆಕಿಗೂ ಜಾಗ ಆಗ್ತದೇನು ಅಂತ ನೋಡಿದೆ. ಇಬ್ರೂ ಇರಲಿ ಅಂತ." ಬುರ್ಹಾನುದ್ದೀನರು ಹಾಳೆ ಕೆಳಗಿಳಿಸಿದರು. ತನ್ನ ಟೇಬಲ್ಲಿನ ಮುಂದೆ ಯಾರಾದರೂ ಇಂಥ ಉತ್ತರ ಕೊಟ್ಟಿದ್ದರೆ ತಾಯಣ್ಣ ಅರ್ಜಿಯನ್ನು ಬದಿಗಿಡುತ್ತಿದ್ದ. ಈಗ ನಂಬಿದ. ಯಾಕೆ ನಂಬಿದೆ ಎಂದು ಕೇಳಿಕೊಳ್ಳಲು ಸಹ ಅವನಿಗೆ ಧೈರ್ಯವಾಗಲಿಲ್ಲ.

"ಇವತ್ತ ಹೈದರಾಬಾದಿಗೆ ಹೋಗಬೇಕು, ನಾಳಿ ಅನ್ನಬ್ಯಾಡ್ರಿ" ಎಂದರು ಡಾಕ್ಟರು. ನಾಲಿಗೆಯ ಕೆಳಗಿಡಲು ಗುಳಿಗೆ ಕೊಟ್ಟರು, ಚೀಟಿ ಬರೆದರು, ಕಂಪೌಂಡರನ್ನು ಜೊತೆಗೆ ಹೋಗಲು ಹೇಳಿ ಮೋಟಾರು ಕರೆಸಲು ಆಳು ಕಳಿಸಿದರು. ಒಪ್ಪಿಗೆಯ ಮಾತು ಬಂದಾಗ ತಾಯಣ್ಣ ಅವ್ವನತ್ತ ತಿರುಗಿದ. ಮತ್ತೊಮ್ಮೆ ಕೊಯ್ಯಬೇಕಂತ, ತಂತಿ ಸರಿಯಾಗಿ ಕೂಡಿಸಬೇಕಂತ, ಆಮೇಲೆ ಸುಂಕ್ಲಮ್ಮ ಬರಲಿಕ್ಕಿಲ್ಲ, ಎಂದು ಈ ಸಲ ಒಂದನ್ನೂ ಮುಚ್ಚಿಡದೆ ಹೇಳಿದ. ಅವಳು ಕೇಳಿಸಿಕೊಂಡಳು. ಹೂಂ ಎನ್ನಲಿಲ್ಲ, ಒಲ್ಲೆ ಎನ್ನಲಿಲ್ಲ.

ಮೋಟಾರು ಬರುವವರೆಗೆ ಇಬ್ಬರೂ ವರಾಂಡದ ಬೆಂಚಿನ ಮೇಲೆ ಕೂತರು. ಕಂಪೌಂಡರ್ ಒಳಗೆ ಚೀಲ ಕಟ್ಟುತ್ತಿದ್ದ. ಎರಡು ದಿನದ ಮೇಲೆ ಅವಳಾಗಿ ಮಾತಾಡಿದಳು.

"ಆ ಪುಸ್ತಕದಾಗ ಬರದದ್ದೆಲ್ಲ ನಿಂದಂತಲ್ಲೊ?"

"ಹೂಂ ಬೇ."

"ಮಂಗಳಾರಕ್ಕೊಮ್ಮೆ ಅಷ್ಟು ಯಾಕ ಓಡ್ತದ? ಡಾಕ್ಟರಗ ನಿಂದೂ ತೋರಸಬೇಕಿತ್ತು."

ಅವಳು ನಿಜವಾಗಿಯೂ ಅದಕ್ಕೇ ಚಿಂತೆ ಮಾಡುತ್ತಿದ್ದಳು, ಹುಬ್ಬು ಗಂಟಾಗಿತ್ತು. ಕ್ಷಮಿಸು ಎನ್ನುವ ಮಾತು ಅವರ ಮನೆಯಲ್ಲಿ ಯಾರೂ ಯಾರಿಗೂ ಆಡಿದ್ದಿಲ್ಲ, ಅದಕ್ಕೆ ಅವನು ಹದಿನೈದು ವರ್ಷದಿಂದ ಬಾಯಲ್ಲಿ ಇಟ್ಟುಕೊಂಡಿದ್ದ ಬೇರೆ ಮಾತನ್ನೇ ಕೇಳಿದ.

"ಯವ್ವಾ, ಖರೆ ಹೇಳು. ಮೊನ್ನೆ, ಮತ್ತ ಮಾನವಿಯಾಗ, ಸುಂಕ್ಲಮ್ಮ ಬಂದಿದ್ದಳೇನು?"

ಯಮನಮ್ಮ ಬೀದಿಯತ್ತ ನೋಡುತ್ತಿದ್ದವಳು ಅವನ ಕಡೆ ತಿರುಗಿದಳು.

"ನನಗೇನು ಗೊತ್ತಪ್ಪಾ. ಬಿದ್ದಾಕಿ ನಾನು. ನೋಡಿದಾಂವ ನೀನು."

ಹೇಳಿ, ದಿನಾ ಬೆಳಿಗ್ಗೆ ಮಾಡುವಂತೆ, ಕೈ ಚಾಚಿದಳು. ತಾಯಣ್ಣ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿಕೊಂಡು, ಎರಡು ಬೆರಳನ್ನು ಅವಳ ಮಣಿಕಟ್ಟಿನ ಮೇಲೆ ಹಗುರಾಗಿ ಇಟ್ಟ. ಮೊದಲು ಏನೂ ಸಿಗಲಿಲ್ಲ. ಆಮೇಲೆ ಒಂದು ಬಡಿತ ಸಿಕ್ಕಿತು. ಗಡಿಯಾರ ನೋಡದೆ ಅವನು ಇನ್ನೊಂದಕ್ಕಾಗಿ ಕಾದ.